ಅಳತೆಯ ಮನುಷ್ಯ
ಅಮೆರಿಕದ ನೋವೈ ಊರಿನಲ್ಲಿ ನಮ್ಮ ಪಕ್ಕದ ಮನೆಯ ಸಂಗಮೇಶರು ಯಾವುದನ್ನೂ ಅಳೆಯದೆ ನಂಬಿದವರಲ್ಲ. ಹತ್ತಿರದ ಪ್ಲಿಮತ್‌ನ ಕಾರ್ಖಾನೆಯಲ್ಲಿ ಕಾರಿನ ಬಿಡಿಭಾಗಗಳನ್ನು ಇಪ್ಪತ್ತು ವರ್ಷ ಅಳೆದೂ ಅಳೆದೂ, ಮನೆಯಲ್ಲಿ ರೊಟ್ಟಿಯ ದಪ್ಪಕ್ಕೂ ತಕರಾರು ತೆಗೆಯುವವರು. ಹೆಂಡತಿ ಗುರುದೇವಿಗೆ ಕ್ಯಾನ್ಸರ್ ಬಂದು, ಔಷಧಕ್ಕಾಗಿ ತೋಳಿನ ರಕ್ತನಾಳದಿಂದ ಹೃದಯದ ಹತ್ತಿರದವರೆಗೆ ಸಣ್ಣ ನಳಿಕೆ ಹಾಕಿದ ಮೇಲೆ ಅವರ ಸ್ಕೇಲು ಅಲ್ಲಿಗೇ ತಿರುಗಿತು. ಹೊರಗೆ ಉಳಿದ ನಳಿಕೆ ಉದ್ದವಾದರೆ ಒಳಗಿನ ತುದಿ ಜರುಗಿದೆ ಎಂದು ನರ್ಸ್ ಹೇಳಿದ್ದಳು. ಇವರು ದಿನಾ ಬೆಳಿಗ್ಗೆ ಅಳೆಯುವರು. "ಕೈ ಎತ್ತಬ್ಯಾಡ, ತುದಿ ಸರದೀತು" ಎಂದು ಆಕೆಗೆ ತಲೆ ಬಾಚಿಕೊಳ್ಳಲೂ ಬಿಡದೆ, ತಾವೇ ಸೊಟ್ಟ ಬೈತಲೆ ತೆಗೆಯುವರು. ನಳಿಕೆ ಅಲುಗೀತೆಂದು ಫ್ರೀವೇಯಲ್ಲೂ ಗಂಟೆಗೆ ನಲವತ್ತೈದು ಮೈಲಿ ಮೀರರು. ಹಿಂದಿನವರು ಹಾರ್ನ್ ಹೊಡೆದರೆ ಕನ್ನಡಿಯಲ್ಲೇ ಕೈಮುಗಿಯುವರು. ವಾರವಿಡೀ ವಾಂತಿಯಾದ ಮೇಲೆ ಒಂದು ದಿನ, ನಳಿಕೆ ಕಟ್ಟಿಕೊಳ್ಳದಂತೆ ಸಲೈನ್ ಉಪ್ಪುನೀರು ಬಿಡುವಾಗ ಗುರುದೇವಿ, "ರೀ, ಕಿವ್ಯಾಗ ನೀರು ಹರದಂಗ ಕೇಳಸ್ತೈತ್ರಿ" ಅಂದರು. ಇವರು ಸ್ಕೇಲು ಇಟ್ಟು ನೋಡಿ, "ಅಳತಿ ಸರಿ ಐತಿ, ಏನಾಗಿಲ್ಲ" ಅಂದರು. ನಾಲ್ಕು ದಿನ ಆಕೆ ಹೇಳಿದರು, ನಾಲ್ಕು ದಿನವೂ ಅದೇ ಉತ್ತರ. ಐದನೇ ದಿನ ಕುತ್ತಿಗೆ ಬಾತುಕೊಂಡಿತು. ಎಕ್ಸ್‌ರೇ ತೆಗೆದರೆ, ತುದಿ ಮೇಲಕ್ಕೆ ತಿರುಗಿ ಕುತ್ತಿಗೆಯ ನಾಳ ಹೊಕ್ಕಿತ್ತು. ವಾಂತಿಯ ರಭಸಕ್ಕೆ ಹೀಗಾಗುವುದುಂಟು, ಆಗ ಹೊರಗಿನ ಅಳತೆ ಬದಲಾಗದಿರಬಹುದು, ನಿಮ್ಮ ತಪ್ಪಲ್ಲ ಎಂದರು ಡಾಕ್ಟರು. ಜೊತೆಗೆ ಹೋಗಿದ್ದ ನನಗೆ ಸಂಗಮೇಶರು ಕೀಲಿ ಕೊಟ್ಟರು; ವಾಪಸು ಬರುವಾಗ ಕಾರು ನಾನೇ ಓಡಿಸಿದೆ. ಹಿಂದಿನ ಸೀಟಿನಲ್ಲಿ ಅವರು ಹೆಂಡತಿಯನ್ನು, "ಮತ್ತೇನೇನ ಹೇಳಿದ್ದಿ, ನಾ ಕೇಳಲಾರದ್ದು?" ಎಂದು ಕೇಳಿದರು. "ಈ ಔಷಧ ಸಾಕ್ರಿ, ಬಿಟ್ಟುಬಿಡೂಣು ಅಂತ ಯುಗಾದಿಯಿಂದ ಹೇಳಾಕತ್ತೀನಿ" ಅಂದರು ಗುರುದೇವಿ. ಫ್ರೀವೇಯ ಎರಡು ಎಕ್ಸಿಟ್ ದಾಟುವವರೆಗೆ ಸಂಗಮೇಶರು ಆಕೆಯ ಸೊಟ್ಟ ಬೈತಲೆಯನ್ನು ಬೆರಳಿನಿಂದ ನೇರ ಮಾಡುತ್ತಿದ್ದರು. ಆಮೇಲೆ, "ಹೂಂ, ಬಿಡೂಣು" ಅಂದರು.