ಟವೆಲ್ ಹಾಕಿದವರ ಧರ್ಮ

ಗೆಳತಿಯರೇ, ನಾನು ತಾಯಿಯಾಗುತ್ತಿದ್ದೇನೆ, ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ! ಆದರೂ ಇಂದು ಅಫಜಲಪುರದಿಂದ ಕಲಬುರಗಿಯವರೆಗೆ ಬಸ್ಸಿನಲ್ಲಿ ನಿಂತೇ ಬಂದೆ. ಉಳಿದಿದ್ದ ಒಂದೇ ಸೀಟಿಗೆ ಹಿರಿಯರೊಬ್ಬರು ಕಿಟಕಿಯಿಂದ ಟವೆಲ್ ಎಸೆದು ಹಿಡಿದಿದ್ದರು.

"ಆಕಿ ಬಸುರಿ ಅದಾಳ್ರಿ, ಜರಾ ಕುಂಡ್ರಾಕ ಬಿಡ್ರಿ" ಎಂದು ನಮ್ಮವರು ಕೇಳಿಕೊಂಡರು.

"ಟವೆಲ್ ಹಾಕ್ದವರ್ದೇ ಸೀಟು. ನೇಮ ಅಂದ್ರ ಎಲ್ಲರಿಗೂ ಒಂದೇ ಇರಬೇಕು ತಮ್ಮಾ. ಒಬ್ಬರಿಗೆ ಬಿಟ್ರ ಧರ್ಮ ಉಳೀತದೇನು?"

ಈ ಪ್ರವಚನ ಗೊಬ್ಬೂರಿನವರೆಗೆ ನಡೆಯಿತು. ಅಲ್ಲಿ ಹತ್ತಿದ ದಪ್ಪ ಮೀಸೆಯವರೊಬ್ಬರನ್ನು ಕಂಡದ್ದೇ ತಡ, ಹಿರಿಯರು ಎದ್ದು ನಿಂತು "ಬರ್ರಿ, ಕುಂಡ್ರಿ" ಎಂದರು.

"ಈಗ ಧರ್ಮ ಉಳೀತೇನ್ರಿ ಕಾಕಾ?" ಎಂದೆ.

"ಅವ್ರು ನಮ್ಮ ಬೀಗರು, ತಂಗಿ."

ಎಲ್ಲರಿಗೂ ಒಂದೇ ಆದ ಧರ್ಮದಲ್ಲಿ ಬಸುರಿಗೆ ಜಾಗವಿಲ್ಲ, ಬೀಗರಿಗೆ ಕಿಟಕಿ ಪಕ್ಕದ ಸೀಟು. ನಾನು ತವರಿಗೆ ಬಂದಾಗ ಮಿರ್ಚಿ ಭಜಿ ತಿನ್ನಿಸಿದರೆ ಸಾಕು, ನೀತಿ ಹೇಳಬೇಡಿ. ರಾಯಚೂರಿಗೆ ಬರುವುದು ಶನಿವಾರ, ಉದ್ಯಾನ ಎಕ್ಸ್‌ಪ್ರೆಸ್‌ಗೆ.