ಲಾಡಿಯ ಕೆಳಗಿನ ಕಲೆ

ಮೊನ್ನೆ ಶಿಗ್ಗಾವಿಯಲ್ಲಿ ಸೀರೆಗೆ ಫಾಲ್ ಹಚ್ಚಿಸಲು ಒಂದು ಅಂಗಡಿ ಹೊಕ್ಕೆ. ಹೊಲಿಗೆ ಯಂತ್ರಕ್ಕೆ ಆಗಷ್ಟೇ ಎಣ್ಣೆ ಬಿಟ್ಟಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಕ್ಕಿಆಲೂರಿನ ನಮ್ಮ ಪಕ್ಕದ ಮನೆಯ ಹೊಲಿಗೆ ಅಕ್ಕ ನೆನಪಾದರು. ಓಣಿಯ ಹೆಂಗಸರೆಲ್ಲರ ಜಂಪರು, ಲಂಗ ಅವರೇ ಹೊಲಿಯುತ್ತಿದ್ದರು. ಕೊರಳಲ್ಲಿ ಟೇಪು ಸದಾ ಇರುತ್ತಿತ್ತು, ಆದರೆ ನನ್ನ ಅಳತೆ ತೆಗೆದವರಲ್ಲ. ಬಾಗಿಲಲ್ಲಿ ಒಮ್ಮೆ ನೋಡಿ, “ಟೀಚರ್, ಸೊರಗೀರಿ” ಎಂದು ಅರ್ಧ ಇಂಚು ಒಳಗೆ ಹಿಡಿಯುತ್ತಿದ್ದರು.

ಅಲ್ಲಿದ್ದಾಗ ಒಂದು ವರ್ಷ ದೀಪಾವಳಿ ರಜೆಗೆ ಹಂಸಭಾವಿಯ ತವರಿಗೆ ಹೋಗಿದ್ದೆ. ಅಣ್ಣನ ಹೊಲದ ಬದುವಿನಲ್ಲಿ ಎಮ್ಮೆಗೆ ಹುಲ್ಲು ಕೊಯ್ದು, ಆ ಹುಲ್ಲಿನ ಮೇಲೆಯೇ ಕುಳಿತು ಬುತ್ತಿ ಉಂಡು ಬಂದೆ. ಶಾಲೆ ಶುರುವಾಗಿ ವಾರಕ್ಕೆ ಜ್ವರ ಹಿಡಿಯಿತು.

ಮೊದಲು ನೋಡಿದ ಡಾಕ್ಟರು ಟೈಫಾಯ್ಡ್ ಎಂದರು. ರಕ್ತದ ವರದಿಯೂ ಅದನ್ನೇ ಹೇಳಿತು. ಐದು ದಿನ ಇಂಜೆಕ್ಷನ್ ಆಯಿತು, ಜ್ವರ ಇಳಿಯಲಿಲ್ಲ. ಡೆಂಗಿ ನೋಡಿದರು, ಮಲೇರಿಯಾ ನೋಡಿದರು, ಎರಡೂ ಅಲ್ಲ. ತಲೆ ಎತ್ತಲಾಗದಷ್ಟು ನೋವು. ಹತ್ತನೆಯ ದಿನ ಮಗಳನ್ನು ಹೊಲಿಗೆ ಅಕ್ಕನ ಮನೆಯಲ್ಲಿ ಬಿಟ್ಟು, ನಮ್ಮ ಮನೆಯವರು ನನ್ನನ್ನು ಹಾನಗಲ್ಲಿನ ಒಂದು ಆಸ್ಪತ್ರೆಗೆ ಸೇರಿಸಿದರು. ಅಂದು ಸಂಜೆಗೆ ಉಸಿರೂ ಮೇಲೆ ಮೇಲೆ ಬರತೊಡಗಿತು.

“ನಾಳೆ ಮಧ್ಯಾಹ್ನದ ತನಕ ನೋಡೂಣ್ರಿ. ಆಮ್ಯಾಲ ಹುಬ್ಬಳ್ಳಿಗೆ ಒಯ್ಯಬೇಕಾಕ್ಕೈತಿ. ಯಾತರ ಜ್ವರ ಅಂತ ನನಗ ತಿಳೀವಲ್ದು” ಎಂದು ಅಲ್ಲಿಯ ಡಾಕ್ಟರು ನಮ್ಮ ಮನೆಯವರಿಗೆ ಹೇಳುವುದು ಕೇಳಿಸಿತು. ಮಗಳಿನ್ನೂ ಎಂಟನೆಯ ತರಗತಿ… ನಾನು ಗೋಡೆಯ ಕಡೆ ಹೊರಳಿದೆ.

ಮರುದಿನ ಮೊದಲ ಬಸ್ಸಿಗೆ ಹೊಲಿಗೆ ಅಕ್ಕ ಗಂಜಿ, ಒಗೆದ ಬಟ್ಟೆ ಹಿಡಿದು ಬಂದರು. ಬೆವರಿಗೆ ತೊಯ್ದ ಬಟ್ಟೆ ಬದಲಿಸಲು ಪರದೆ ಎಳೆದರು. ಲಂಗದ ಲಾಡಿ ಬಿಚ್ಚಿದವರು ಹಾಗೇ ನಿಂತರು.

“ಇದೇನ್ರಿ ಟೀಚರ್, ಇಸ್ತ್ರಿಪೆಟ್ಟಿಗಿ ತಾಗಿತ್ತೇನು?”

“ಇಲ್ರಿ ಅಕ್ಕಾ. ಲಾಡಿ ತಿಕ್ಕಿರಬೇಕು” ಎಂದೆ. ಸೊಂಟದ ಹಿಂದೆ ಇದ್ದದ್ದು, ನೋವಿಲ್ಲ, ತುರಿಕೆಯಿಲ್ಲ. ನನಗೆ ಗೊತ್ತೇ ಇರಲಿಲ್ಲ.

“ಲಾಡಿ ತಿಕ್ಕಿದ್ರ ಉದ್ದಕ ಗೆರಿ ಬೀಳ್ತೈತಿ, ಎಷ್ಟ್ ಮಂದೀದು ನೋಡೇನಿ. ಇದು ಗುಂಡಗ, ಕರ್ರಗ ಐತಿ. ಬೀಡಿಲೆ ಸುಟ್ಟಂಗ. ಡಾಕ್ಟರಿಗೆ ತೋರಸೂಣು.”

ನಾನು ಬೇಡವೆಂದೆ. ಅಷ್ಟು ದಿನ ಡಾಕ್ಟರುಗಳು ನಾಡಿ, ನಾಲಿಗೆ, ಎದೆ ನೋಡಿದ್ದರು. ಅದಕ್ಕಿಂತ ಹೆಚ್ಚು ನೋಡಲು ನಾನೂ ಬಿಟ್ಟಿರಲಿಲ್ಲ. ಯಾವಾಗಲೂ ‘ರಿ’ ಹಚ್ಚಿ ಮಾತಾಡುವ ಅಕ್ಕ ಅಂದು ಮೊದಲ ಬಾರಿಗೆ ಏಕವಚನಕ್ಕಿಳಿದರು. “ನಾಚಿಕಿ ಆಮ್ಯಾಲ ಪಡುವಂತಿ. ಈಗ ಸುಮ್ನ ಮಲ್ಕೊ” ಎಂದವರೇ ಹೋಗಿ ಡಾಕ್ಟರನ್ನು ಕರೆತಂದರು.

ಡಾಕ್ಟರು ಬ್ಯಾಟರಿ ಹಿಡಿದು ಬಗ್ಗಿ ನೋಡಿದರು. “ಇತ್ತೀಚಿಗೆ ಹುಲ್ಲಾಗ, ಕಂಟಿಯಾಗ ಕುಂತಿದ್ರೇನ್ರಿ?”

ಹಂಸಭಾವಿಯ ಹೊಲದ ಮಾತು ಹೇಳಿದೆ. ಅವರು ಕುರ್ಚಿ ಎಳೆದು ಕುಳಿತರು. ಹುಲ್ಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಇರುತ್ತದಂತೆ, ದನಕ್ಕೆ ಹತ್ತುವ ಉಣ್ಣೆಯ ದಾಯಾದಿ. ಅದು ಕಚ್ಚಿದಲ್ಲಿ ಇಂಥ ಕಲೆ. ಜ್ವರದ ಹೆಸರು ಸ್ಕ್ರಬ್ ಟೈಫಸ್. “ಈ ಕಲಿ ಎಲ್ಲಾರಿಗೂ ಬೀಳೂದಿಲ್ರಿ. ಬಿದ್ರೂ ಇಂಥಾ ಬಟ್ಟಿ ಮರಿಯಾಗನ ಇರ್ತೈತಿ. ರಕ್ತ ಹುಬ್ಬಳ್ಳಿಗೆ ಕಳಸ್ತೇನಿ, ಆದ್ರ ವರದಿ ಬರೂತನಕ ಕಾಯೂದಿಲ್ಲ” ಎಂದು ಆಗಲೇ ಗುಳಿಗೆ ಕೊಡಿಸಿದರು. ಹಳೆಯ ಕಾಲದ, ಸಾದಾ ಗುಳಿಗೆ.

ಎರಡು ದಿನಕ್ಕೆ ಜ್ವರ ಬಿಟ್ಟಿತು. ಮೂರನೆಯ ಬೆಳಿಗ್ಗೆ ಕಣ್ಣು ಬಿಟ್ಟಾಗ ಹಸಿವೆಯಾಗಿತ್ತು. ಹಸಿವೆ ಅಷ್ಟು ಒಳ್ಳೆಯದೆಂದು ನನಗೆ ಆವತ್ತೇ ತಿಳಿದದ್ದು. ನಮ್ಮ ಮನೆಯವರು ಇಡ್ಲಿ ತಂದು, ನಾನು ತಿನ್ನುವುದನ್ನು ನೋಡುತ್ತ ಕಣ್ಣೊರೆಸಿಕೊಂಡರು. ಅದೇ ಜ್ವರವೆಂದು ಹುಬ್ಬಳ್ಳಿಯ ವರದಿ ಬಂದಾಗ ನಾನು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ.

ಅಕ್ಕನ ಕೈ ಹಿಡಿದು ಏನೇನೋ ಹೇಳಲು ಹೋದೆ. “ನಾ ಏನ್ ಮಾಡೇನ್ರಿ ಟೀಚರ್, ಲಾಡಿ ಸಡ್ಲ ಮಾಡೇನಿ ಅಷ್ಟ” ಎಂದು ಮತ್ತೆ ‘ರಿ’ಗೆ ಮರಳಿದರು.

ಆಮೇಲೆ ನನಗೆ ಶಿಗ್ಗಾವಿಗೆ ವರ್ಗವಾಯಿತು. ಎರಡು ವರ್ಷದ ಹಿಂದೆ ಹೊಲಿಗೆ ಅಕ್ಕ ತೀರಿಕೊಂಡರು. ಸುದ್ದಿ ನನಗೆ ಮುಟ್ಟಿದ್ದು ಮಣ್ಣಾದ ಮೇಲೆ. ಹೋದ ವರ್ಷ ನಮ್ಮ ಶಾಲೆಯ ಅಡುಗೆಯಾಕೆಗೆ ಬಿಡದ ಜ್ವರ ಬಂತು. ನಾನೇ ಜೊತೆಗೆ ಹೋಗಿ, ಮೈಯೆಲ್ಲ ನೋಡಿರೆಂದು ಡಾಕ್ಟರಮ್ಮನಿಗೆ ಹೇಳಿದೆ. ಕಂಕುಳಲ್ಲಿ ಕಲೆಯಿತ್ತು. ವಾರಕ್ಕೆ ಆಕೆ ಒಲೆಯ ಮುಂದೆ ನಿಂತಿದ್ದಳು. ಎದೆ ಹಗುರಾಯಿತು. ಇದನ್ನು ಯಾರಿಗಾದರೂ ಹೇಳಬೇಕೆನಿಸಿತು… ಹೇಳಬೇಕಾದವರು ಒಬ್ಬರೇ ಇದ್ದರು.