ಮೊರಾಕ್ಕೋ ಚಿತ್ರದಲ್ಲಿ ಕೇಳಿದ ಶಿರಾದ ದನಿ

ಸತ್ತವರು ಮಾತಾಡಿದರು, ಯಾರೋ ಹೆಸರು ಹಿಡಿದು ಕರೆದರು ಎಂದು ಯಾರಾದರೂ ಹೇಳತೊಡಗಿದರೆ ನಾನು ಎದ್ದು ಹೋಗುತ್ತಿದ್ದವಳು. ಅಂಥ ಕತೆ ಹೇಳುವವರ ಮೇಲೆ ನನಗೆ ಸಿಟ್ಟೇ ಬರುತ್ತಿತ್ತು. ಕೇಳಿದವರು ಯಾರೂ ಮರುಪ್ರಶ್ನೆ ಹಾಕುವುದಿಲ್ಲ ಎಂಬ ಧೈರ್ಯದಲ್ಲಿ ಬಾಯಿಗೆ ಬಂದದ್ದು ಹೇಳುತ್ತಾರೆ ಅನ್ನಿಸುತ್ತಿತ್ತು. ಈಗ ಅಂಥದೊಂದನ್ನು ನಾನೇ ಬರೆಯಲು ಕೂತಿದ್ದೇನೆ. ನೀವು ಮರುಪ್ರಶ್ನೆ ಹಾಕಿದರೆ ನನ್ನ ಬಳಿ ಉತ್ತರವಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಮಧುಗಿರಿಯ ಒಂದು ಖಾಸಗಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ನಾವೊಂದಿಷ್ಟು ಗೆಳೆಯರು ಸೇರಿ ಸುತ್ತಲಿನ ತಾಲೂಕುಗಳಲ್ಲಿ ಸಾಕ್ಷ್ಯಚಿತ್ರಗಳನ್ನು ತೋರಿಸುತ್ತಿದ್ದೆವು. ಆ ವರ್ಷ ಆರಿಸಿಕೊಂಡದ್ದು ಬೇರೆ ಬೇರೆ ದೇಶಗಳ ಮುಸ್ಲಿಮರ ಬದುಕು, ಹಾಡು, ಭಕ್ತಿಯ ಚಿತ್ರಗಳನ್ನು. ಯಾವುದರಲ್ಲೂ ಕನ್ನಡ ಇರಲಿಲ್ಲ. ಹಾಗಾಗಿ ಹಾಡು ಬರುವ ಕಡೆ ಮಾತ್ರ ಚಿತ್ರದ ದನಿ ಉಳಿಸಿ, ಮಿಕ್ಕಂತೆ ಅದನ್ನು ಪೂರ್ತಿ ನಿಲ್ಲಿಸಿ, ಪರದೆಯ ಪಕ್ಕ ಕೂತು ನಾನೇ ಮೈಕಿನಲ್ಲಿ ವಿವರಣೆ ಓದುತ್ತಿದ್ದೆ. ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಗೆಳೆಯ ನಾಗರಾಜು ಪ್ರೊಜೆಕ್ಟರ್ ನೋಡಿಕೊಳ್ಳುತ್ತಿದ್ದ.

ಎಲ್ಲಿಯೂ ನಮ್ಮನ್ನು ಯಾರೂ ಪ್ರೀತಿಯಿಂದ ಬರಮಾಡಿಕೊಳ್ಳಲಿಲ್ಲ. ಮಧುಗಿರಿಯಲ್ಲಿ ಅರ್ಧ ಚಿತ್ರಕ್ಕೆ ಕೆಲವರು ಕುರ್ಚಿ ಸದ್ದು ಮಾಡಿಕೊಂಡು ಎದ್ದು ಹೋದರು. ಕೊರಟಗೆರೆಯಲ್ಲಿ ನಮ್ಮ ಬ್ಯಾನರನ್ನು ಯಾರೋ ಹರಿದು ಚರಂಡಿಗೆ ಹಾಕಿದ್ದರು. ಪಾವಗಡದಲ್ಲಿ ಒಬ್ಬರು, ನಿಮಗೆ ಬೇರೆ ಕೆಲಸ ಇಲ್ಲವಾ ಎಂದು ತೆಲುಗಿನಲ್ಲೇ ಕೇಳಿದರು. ಶಿರಾದ ಸರದಿ ಬರುವಷ್ಟರಲ್ಲಿ ಫೋನುಗಳು ಶುರುವಾದವು. ಹೆಚ್ಚಿನವು ಒಬ್ಬನದೇ. ಪರಮೇಶ ಅಂತ, ಶಿರಾದವನು, ಹಾರ್ಡ್‌ವೇರ್ ಅಂಗಡಿಯವನು. ಬೈಗುಳ ಇರುತ್ತಿರಲಿಲ್ಲ. ನಿಧಾನವಾಗಿ, ಮೇಡಂ ಎಂದು ಸೇರಿಸಿಯೇ, ಬಂದರೆ ಏನೇನು ಆಗಬಹುದು ಎಂದು ಹೇಳುತ್ತಿದ್ದ. ಬೈಗುಳಕ್ಕಿಂತ ಅದೇ ಹೆಚ್ಚು ಹೆದರಿಸುತ್ತಿತ್ತು.

ಯಾರಿಗಾಗಿ ತೋರಿಸುತ್ತಿದ್ದೇವೆ ಎಂದುಕೊಂಡಿದ್ದೆವೋ ಅವರಿಗೂ ನಾವು ಬೇಕಿರಲಿಲ್ಲ. ಶಿರಾದಲ್ಲಿ ಕರೆಯಲು ಹೋದಾಗ ಮಸೀದಿಯ ಹತ್ತಿರ ಒಬ್ಬ ಹಿರಿಯರು ನನ್ನ ಕರಪತ್ರವನ್ನು ಓದಿ ವಾಪಸ್ ಕೊಟ್ಟರು. "ನಮ್ಮನ್ನ ಪರದೆ ಮೇಲೆ ತೋರ್ಸಿ ಏನ್ ಮಾಡ್ತೀರಮ್ಮ? ನಾವು ಇಲ್ಲೇ ಬೀದೀಲಿ ಇದೀವಲ್ಲ. ನೀವ್ ತೋರ್ಸಿ ಹೋಗ್ತೀರ, ಆಮೇಲೆ ಕಲ್ಲು ಬೀಳೋದು ನಮ್ಮ ಮನೆ ಮೇಲೆ" ಎಂದರು. ನನಗೆ ಅವರ ಮೇಲೂ ಕೋಪ ಬಂತು. ಒಳ್ಳೆಯದು ಮಾಡಲು ಬಂದವರಿಗೆ ಹೀಗಾ ಎಂದುಕೊಂಡು, ಹಟ ಹಿಡಿದು ಭಾನುವಾರ ಮಧ್ಯಾಹ್ನಕ್ಕೆ ಒಂದು ಸಭಾಂಗಣ ಗೊತ್ತು ಮಾಡಿದೆವು.

ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದ್ದೆವು. ಒಳಗೆ ಕಾದ ಹಂಚಿನಂಥ ಸೆಕೆ. ಜನ ತೀರ ಕಡಿಮೆ. ಮುಂದಿನ ಸಾಲಿನಲ್ಲಿ ನಾಲ್ಕಾರು ಹೆಂಗಸರು, ಹಿಂದೆ ಕೆಲವು ಮೇಷ್ಟರುಗಳು, ಗೋಡೆಗೆ ಒರಗಿ ನಾವೇನು ತಪ್ಪು ಮಾಡುತ್ತೇವೋ ಎಂದು ಕಾಯುತ್ತಿದ್ದ ಇನ್ನೂ ಕೆಲವರು. ಹೊರಗೆ ಗೇಟಿನ ಬಳಿ ಘೋಷಣೆ ಕೇಳುತ್ತಿತ್ತು. ಸಭಾಂಗಣದ ಮಾಲೀಕರು ಎರಡು ಸಲ ಬಂದು, ಬೇಗ ಮುಗಿಸಿ ಎಂದು ಕಿವಿಯಲ್ಲಿ ಹೇಳಿ ಹೋದರು.

ಅವತ್ತಿನ ಚಿತ್ರ ಮೊರಾಕ್ಕೋದ ಒಂದು ಬೆಟ್ಟದ ಹಳ್ಳಿಯದು. ಅಲ್ಲಿನ ಒಬ್ಬ ಸಂತರ ಸಮಾಧಿಗೆ ವರ್ಷಕ್ಕೊಮ್ಮೆ ಜನ ಸೇರುತ್ತಾರೆ, ಹೆಂಗಸರು ಮಣ್ಣಿನ ಒಲೆಯಲ್ಲಿ ರೊಟ್ಟಿ ಸುಡುತ್ತಾರೆ. ಅವರಲ್ಲೊಬ್ಬ ಮುದುಕಿ ರೊಟ್ಟಿ ತೆಗೆದಿಟ್ಟು, ಹೊಗೆಗೆ ಕಣ್ಣು ಕಿರಿದು ಮಾಡಿ, ಕ್ಯಾಮೆರಾ ಕಡೆ ತಿರುಗಿ ಸುಮ್ಮನೆ ನೋಡುತ್ತಾಳೆ. ಅಲ್ಲಿ ಹಾಡಿಲ್ಲ, ಹಾಗಾಗಿ ಚಿತ್ರದ ದನಿಯನ್ನೂ ನಿಲ್ಲಿಸಿದ್ದೆವು. ನಾನೂ ಅಲ್ಲಿಗೆ ಏನೂ ಬರೆದಿರಲಿಲ್ಲ. ಜನ ಆ ಮುಖವನ್ನು ನೋಡಲಿ ಎಂದು ಮೈಕ್ ಆರಿಸಿ, ಬಾಟಲಿ ಎತ್ತಿ ನೀರು ಕುಡಿಯತೊಡಗಿದೆ.

ಆಗ ಹಿಂದಿನ ಬಾಗಿಲು ತೆರೆಯಿತು. ಹೊರಗಿನ ಬಿಸಿಲು ನೇರ ಪರದೆಗೆ ಬಿದ್ದು ಮುದುಕಿಯ ಮುಖ ಮಾಸಿತು. ಹೊಸ್ತಿಲ ಮೇಲೆ ಐವತ್ತರ ಆಸುಪಾಸಿನ, ದಪ್ಪ ಮೈಕಟ್ಟಿನ ಒಬ್ಬ ಮನುಷ್ಯ ನಿಂತಿದ್ದ. ಅವನ ಬೆನ್ನ ಹಿಂದೆ ಹುಡುಗರ ಗುಂಪು. ನನ್ನ ಬಾಯಲ್ಲಿ ಇನ್ನೂ ನೀರಿತ್ತು.

ಸ್ಪೀಕರಿನಿಂದ ಒಬ್ಬ ವಯಸ್ಸಾದ ಹೆಂಗಸಿನ ದನಿ ಬಂತು.

"ಪರ್ಮೇಶಿ, ಬಾಗ್ಲಾಗೆ ಯಾಕ್ಲಾ ನಿಂತ್ಕಂಡೆ ಬೇಟಾ? ಒಳಿಕ್ ಬಾ."

ಜೋರಾದ ದನಿಯಲ್ಲ. ಮನೆಯೊಳಗಿಂದ ಕೆಲಸ ಮಾಡುತ್ತ ಕರೆದ ಹಾಗಿತ್ತು, ಸ್ವಲ್ಪ ಉಬ್ಬಸ ಇದ್ದವರ ದನಿ. ಮುಂದಿನ ಸಾಲಿನ ಒಬ್ಬ ಹೆಂಗಸು ಪರದೆಯನ್ನು ನೋಡುವುದು ಬಿಟ್ಟು ಥಟ್ಟನೆ ಬಾಗಿಲ ಕಡೆ ತಿರುಗಿದಳು. ನಾನು ಮೈಕ್ ನೋಡಿದೆ. ಅದು ಆರಿಯೇ ಇತ್ತು.

ಹೊಸ್ತಿಲಲ್ಲಿದ್ದವನು ಸ್ಪೀಕರಿನ ಕಡೆ ತಿರುಗಿದ. ಆಮೇಲೆ ಕುರ್ಚಿಗಳನ್ನು ತಳ್ಳಿಕೊಂಡು ಒಳಗೆ ಬಂದ. ನನ್ನ ಹತ್ತಿರ ಬಂದು ಹೊಡೆಯುತ್ತಾನೆ ಎಂದುಕೊಂಡು ಗೋಡೆಗೆ ಸರಿದೆ. ಅವನು ನನ್ನನ್ನು ದಾಟಿ ಸ್ಪೀಕರಿನ ಮುಂದೆ ಮಂಡಿಯೂರಿ ಕೂತ, ಅದಕ್ಕೆ ಕಿವಿ ಹಚ್ಚಿದ. ಮತ್ತೇನೂ ಬರಲಿಲ್ಲ. ಎದ್ದವನು ಅದನ್ನು ಒದ್ದು ಉರುಳಿಸಿದ. ಮೈಕಿನ ವೈರು ಕಿತ್ತ. "ಆ ದನಿ ಯಾರ್ ಕೊಟ್ರು ನಿಮ್ಗೆ?" ಎಂದು ಕೇಳಿದ. ಫೋನಿನಲ್ಲಿ ಕೇಳಿದ್ದ ದನಿ ಅದು, ಇವನೇ ಪರಮೇಶ ಎಂದು ಆಗ ಗೊತ್ತಾಯಿತು. ಅವನ ಹುಡುಗರಿಗೆ ಏನೂ ಅರ್ಥವಾಗಲಿಲ್ಲ. ಯಜಮಾನ ಮುರಿಯುತ್ತಿದ್ದಾನೆ, ನಾವೂ ಮುರಿಯಬೇಕು ಎಂಬಂತೆ ಕುರ್ಚಿ, ಪರದೆ, ಪ್ರೊಜೆಕ್ಟರ್ ಎಲ್ಲ ಮುರಿದರು.

ಪೊಲೀಸರು ಬಂದರು. ಅನುಮತಿ ಇತ್ತೇ ಎಂದು ನಮ್ಮನ್ನೇ ಕೇಳಿದರು. ಬಾಗಿಲ ಕಡೆ ತಿರುಗಿದ್ದ ಆ ಹೆಂಗಸನ್ನು ನಾನು ಗೇಟಿನ ಬಳಿ ಹಿಡಿದು, ನಿಮಗೂ ಕೇಳಿಸಿತಲ್ಲವಾ ಎಂದೆ. ಅವಳು ಸೆರಗು ಸರಿ ಮಾಡಿಕೊಂಡು, "ನಂಗೇನೂ ಕೇಳ್ಸಿಲ್ಲ, ನನ್ನ ಹೆಸರು ಎಲ್ಲೂ ತರ್ಬೇಡಿ ಕಣಮ್ಮ" ಎಂದು ಹೊರಟೇ ಹೋದಳು. ನಾಗರಾಜುವಿಗೂ ಏನೂ ಕೇಳಿಸಿರಲಿಲ್ಲವಂತೆ. ವಾಪಸ್ ಬರುವ ಬಸ್ಸಿನಲ್ಲಿ ಬಡವನಹಳ್ಳಿ ದಾಟುವವರೆಗೂ ಅವನು ಬೇರೆ ಸೀಟಿನಲ್ಲಿ ಕೂತಿದ್ದ. ಆಮೇಲೆ ನನ್ನ ಪಕ್ಕ ಬಂದು, ನೀನೇನಾದರೂ ಅವನನ್ನು ಕೆಣಕಲು ಹಾಗೆ ಅಂದೆಯಾ ಎಂದು ಕೇಳಿದ. ಅಂದಿನಿಂದ ನಮ್ಮ ಸ್ನೇಹ ಮೊದಲಿನ ಹಾಗಿಲ್ಲ.

ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಪರಮೇಶ ಮಧುಗಿರಿಯ ನಮ್ಮ ಮನೆಗೇ ಬಂದ. ಒಬ್ಬನೇ ಬಂದಿದ್ದ. ಕೂರಿ ಅಂದರೆ ಕೂರಲಿಲ್ಲ, ನೀರು ಕೊಟ್ಟರೆ ಮುಟ್ಟಲಿಲ್ಲ. ಖೈರಮ್ಮನ ದನಿಯ ರೆಕಾರ್ಡ್ ಕೊಡಿ ಎಂದ. ಖೈರಮ್ಮ ಯಾರೆಂದು ನನಗೆ ಗೊತ್ತಿಲ್ಲ ಎಂದರೆ ನಂಬಲಿಲ್ಲ. ಅವಳ ಮಕ್ಕಳು ಕೊಟ್ಟರಾ, ದುಡ್ಡು ಎಷ್ಟು ತಗೊಂಡರು ಎಂದು ಗದರಿದ. ಹಾಗೆ ಗದರುತ್ತಲೇ ಬಿಡಿಬಿಡಿಯಾಗಿ ಹೇಳಿದ. ಅವನನ್ನು ಹೆತ್ತ ತಾಯಿ ಹಾಸಿಗೆ ಹಿಡಿದಾಗ ಪಕ್ಕದ ಮನೆಯ ಖೈರಮ್ಮನೇ ಅವನನ್ನು ಎತ್ತಿ ಆಡಿಸಿ ಬೆಳೆಸಿದ್ದು. ಅವನು ದೊಡ್ಡವನಾದ ಮೇಲೆ ಬೀದಿಯಲ್ಲಿ ಹಿಂದೂ ಮುಸ್ಲಿಂ ಗಲಾಟೆಯಾಗಿ, ಅವರ ಮನೆಯ ಜೊತೆ ಮಾತು ನಿಲ್ಲಿಸಿದ್ದೂ, ನಿಲ್ಲಿಸಿರೆಂದು ಬೀದಿಗೆಲ್ಲ ಹೇಳಿದ್ದೂ ಅವನೇ.

"ಅವಳ್ಗೆ ಸೀರಿಯಸ್ಸು ಅಂತ ಗೊತ್ತಾಯ್ತು. ಹೋದೆ. ಒಳ್ಗೆ ಕಣ್ಣು ಮುಚ್ಕಂಡು ಮಲ್ಗಿದ್ಲು. ಪಕ್ಕ ಯಾರೂ ಇರ್ಲಿಲ್ಲ. ನಾನ್ ಬಾಗ್ಲಾಗೆ ನಿಂತಿದ್ದು ವಾಪಸ್ ಬಂದ್ಬುಟ್ಟೆ. ಸಾಯಂಕಾಲಕ್ಕೆ ಹೋಗ್ಬುಟ್ಲು. ನಾನ್ ಅಲ್ಲಿ ನಿಂತಿದ್ದು ನನ್ ಹೆಂಡ್ತಿಗೂ ಗೊತ್ತಿಲ್ಲ. ನಿಮ್ಗೆ ಹೆಂಗ್ ಗೊತ್ತಾಯ್ತು ಮೇಡಂ?"

ನನಗೆ ಏನೂ ಗೊತ್ತಿರಲಿಲ್ಲ ಎಂದೆ. ಹಾಗಾದರೆ ಆ ಮಾತು ನೀವೇ ಆಡಿದ್ದು, ದನಿ ಬದಲಿಸಿ ಆಡಿದ್ದೀರಿ, ಈಗ ನನ್ನ ಮುಂದೆ ಆಡಿ ಎಂದ. ಅವನ ಕಣ್ಣು ಕೆಂಪಾಗಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೆದರಿಕೆಗೆ ನಾನು ಅದನ್ನು ಹೇಳಿದೆ, ಹೆಸರು ಸಮೇತ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಇನ್ನೊಂದು ಸಲ ಹೇಳಿ ಎಂದ. ಇನ್ನೊಂದು ಸಲ ಹೇಳಿದೆ.

"ಇದಲ್ಲ" ಎಂದ.

ಇನ್ನು ಶಿರಾಕ್ಕೆ ಕಾಲಿಟ್ಟರೆ ಸುಮ್ಮನಿರುವುದಿಲ್ಲ ಎಂದು ಹೇಳಿ, ಮೆಟ್ಟಿಲಿಳಿದು ಹೋದ. ಅವನ ಹಗೆ ಕಡಿಮೆಯಾಯಿತೆಂದು ನಾನು ಹೇಳಲಾರೆ. ನಮಗೆ ಅಲ್ಲಿ ಮತ್ತೆ ಯಾರೂ ಸಭಾಂಗಣ ಕೊಡದಂತೆ ನೋಡಿಕೊಂಡವನು ಅವನೇ.

ಆ ಚಿತ್ರವನ್ನು ಆಮೇಲೆ ಎಷ್ಟೋ ಸಲ ದನಿ ಹಾಕಿಯೇ ನೋಡಿದ್ದೇನೆ. ರೊಟ್ಟಿ ಸುಡುವ ಮುದುಕಿ ಆ ಜಾಗದಲ್ಲಿ ತುಟಿ ಬಿಚ್ಚುವುದಿಲ್ಲ. ಒಲೆಯ ಕಟ್ಟಿಗೆ ಸಿಡಿಯುವ ಸದ್ದು ಬಿಟ್ಟರೆ ಅಲ್ಲಿ ಏನೂ ಇಲ್ಲ. ಸ್ಪೀಕರುಗಳು ಒಮ್ಮೊಮ್ಮೆ ರೇಡಿಯೋದ ಹಾಗೆ ಎಲ್ಲಿಯದೋ ಮಾತನ್ನು ಎಳೆದುಕೊಳ್ಳುವುದುಂಟು ಎಂದು ತಿಳಿದವರು ಹೇಳುತ್ತಾರೆ, ಇರಬಹುದು. ಆದರೆ ಎಲ್ಲಿಯದೋ ಮಾತು ಅದೇ ಗಳಿಗೆಗೆ, ಅದೇ ಬಾಗಿಲಿಗೆ, ಅದೇ ಹೆಸರಿಗೆ ಹೇಗೆ ಬರುತ್ತದೆ? ಮಿಕ್ಕ ಕತೆಗಳನ್ನು ನಾನು ಈಗಲೂ ನಂಬುವುದಿಲ್ಲ. ಇದನ್ನು ನಂಬದೇ ಇರಲು ಮಾತ್ರ ನನ್ನಿಂದ ಆಗಿಲ್ಲ.